ಕಲ್ಲು ನೆಡುವ ಮುಂಚೆ

ಮಗಳೇ,

ನಿನ್ನೆ ಬೆಳಿಗ್ಗೆ ಕುಶಾಲನಗರದಿಂದ ಕಲ್ಲು ಕೆತ್ತುವವನೊಬ್ಬ ಫೋನ್ ಮಾಡಿದ. "ಸಾರ್, ನಿಮ್ಮ ಮಗಳು ಒಂದು ಕಲ್ಲಿಗೆ ಆರ್ಡರ್ ಕೊಟ್ಟಿದ್ದಾರೆ, ಅಡ್ವಾನ್ಸೂ ಹಾಕಿದ್ದಾರೆ. ತೀರಿಹೋದ ತಾರೀಕು ಮಾತ್ರ ಅಪ್ಪನ ಹತ್ತಿರ ಕೇಳಿ ಅಂದರು" ಅಂದ. ಆಮೇಲೆ ಹೇಳ್ತೀನಿ ಅಂತ ಫೋನ್ ಇಟ್ಟೆ. ಯಾರು ಅಂತ ನಿನ್ನಮ್ಮ ಕೇಳಿದಳು. ಗೊಬ್ಬರದ ಅಂಗಡಿಯವರು ಅಂದೆ.

1962ರ ಚೀನಾ ಯುದ್ಧದಲ್ಲಿ ಕಾಣೆಯಾದ ನಿನ್ನ ಚಿಕ್ಕಜ್ಜನಿಗೆ, ಅಂದರೆ ನನ್ನ ಚಿಕ್ಕಪ್ಪನಿಗೆ, ಅರುಣಾಚಲದಲ್ಲಿ ಕಲ್ಲು ನೆಡಬೇಕು ಅಂತ ನೀನು, ಬೇಡ ಅಂತ ನಾನು. ಕೈಲ್ ಮುಹೂರ್ತ ಹಬ್ಬದ ದಿನ ಫೋನಿನಲ್ಲಿ ಆದದ್ದನ್ನು ಮತ್ತೆ ಎತ್ತುವುದಿಲ್ಲ. ನಿನಗೂ ನೆನಪಿದೆ, ನನಗೂ ಇದೆ. ಮನೆ ತುಂಬ ನೆಂಟರಿದ್ದರು, ನನ್ನ ದನಿ ಏರಿತು. ಅಷ್ಟು ಜೋರು ಮಾಡಿದ್ದಕ್ಕೆ ಬೇಜಾರಿದೆ. ಹೇಳಿದ ವಿಷಯಕ್ಕಲ್ಲ. ಫೋನಿನಲ್ಲಿ ನಾನು ಒಂದು ಮಾತು ಮುಗಿಸುವಷ್ಟರಲ್ಲಿ ನೀನು "ಆದ್ರೆ ಅಪ್ಪಾ" ಅಂತ ಶುರು ಮಾಡ್ತೀಯ. ಅದಕ್ಕೇ ಈ ಕಾಗದ. ಪೂರ್ತಿ ಓದು, ಆಮೇಲೆ ಜಗಳ ಆಡು.

ನೀನು ಕಳಿಸಿದ ಫೋಟೋಗಳನ್ನೆಲ್ಲ ದೊಡ್ಡದು ಮಾಡಿ ನೋಡಿದ್ದೇನೆ. ಬೆಲ್ಜಿಯಂನ ಈಪರ್ ಊರಿನ ಆ ಮೆನಿನ್ ಗೇಟ್, ಮೊದಲನೇ ಮಹಾಯುದ್ಧದ ಸ್ಮಾರಕ, ಗೋಡೆ ತುಂಬ ಹೆಸರು. 54,000ಕ್ಕೂ ಜಾಸ್ತಿ ಜನ, ಯಾರಿಗೂ ಗುರುತಿನ ಸಮಾಧಿ ಇಲ್ಲ. ಅದರಲ್ಲೂ ನಮ್ಮ ದೇಶದ ಸಿಪಾಯಿಗಳ ಹೆಸರು ಹುಡುಕಿ ತೆಗೆದಿದ್ದೀಯ. ಗಡಿ ದಾಟಿ ಫ್ರಾನ್ಸಿನ ನವ್ ಶಪೆಲ್‌ಗೂ ಹೋಗಿ ಬಂದೆ. ಕಾಣೆಯಾದ 4,700ಕ್ಕೂ ಹೆಚ್ಚು ಭಾರತೀಯರಿಗಾಗಿ 1927ರಲ್ಲಿ ತೆರೆದ ಸ್ಮಾರಕ ಅದು. ಅಲ್ಲಿ ನೀನು ಚಪ್ಪಲಿ ಬಿಟ್ಟು ನಿಂತಿರುವ ಫೋಟೋವನ್ನು ಕ್ಲಬ್ಬಿನಲ್ಲಿ ಎಲ್ಲರಿಗೂ ತೋರಿಸಿದೆ. ಆ ಚಳಿಯಲ್ಲಿ ಚಪ್ಪಲಿ ಬಿಡು ಅಂತ ನಿನಗೆ ಯಾರೂ ಹೇಳಿರಲಿಲ್ಲ ಅಲ್ವಾ? ನಿವೃತ್ತ ಕರ್ನಲ್ ಒಬ್ಬರು ಫೋನನ್ನು ಕೈಗೆ ತಗೊಂಡು ತುಂಬಾ ಹೊತ್ತು ನೋಡಿ ಸುಮ್ಮನೆ ವಾಪಸ್ ಕೊಟ್ಟರು. ಇದನ್ನು ನಿನಗೆ ಆಗಲೇ ಹೇಳಬೇಕಿತ್ತು. ಹೇಳಲಿಲ್ಲ.

ಆದರೆ ನಿನ್ನ ತಲೆಯಲ್ಲಿ ಕೂತಿರುವುದು ಆ ದೊಡ್ಡ ಗೋಡೆಗಳಲ್ಲ, ಹೊಲದ ಅಂಚಿನಲ್ಲಿ ಒಂಟಿಯಾಗಿ ನಿಂತ ಶಿಲುಬೆಗಳು. ಬ್ರಿಟಿಷರು 1915ರಲ್ಲೇ ಸತ್ತವರ ದೇಹ ಊರಿಗೆ ತರುವುದನ್ನು ನಿಲ್ಲಿಸಿಬಿಟ್ಟರು. ಜನರಲ್ ಮಗನಿಗೂ ಕೂಲಿಯವನ ಮಗನಿಗೂ ಒಂದೇ ಅಳತೆಯ ಕಲ್ಲು ಅಂತ ನಿಯಮ ತಂದರು. ದೇಹವೇ ಸಿಗದವನಿಗೆ ಗೋಡೆಯ ಮೇಲೆ ಒಂದು ಹೆಸರು, ಅಷ್ಟೆ. ಅದು ಸಾಲದು ಅನಿಸಿದ ಕೆಲವು ಮನೆಯವರು ಮಗ ಬಿದ್ದ ಕಡೆಯೇ ತಮ್ಮ ಖರ್ಚಿನಲ್ಲಿ ಕಲ್ಲು ನೆಟ್ಟರು. ಕೈಯಲ್ಲಿ ದುಡ್ಡಿದ್ದವರು ಮಾತ್ರ, ಅದನ್ನು ಮರೆಯಬೇಡ. ಫ್ರಾನ್ಸಿನ ಸೋಮ್ ಕಡೆ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ಮೊಮ್ಮಗನ ಶಿಲುಬೆ ಇದೆ ಅಂತ ನೀನು ಬರೆದಿದ್ದೆ. 1916ರ ಸೆಪ್ಟೆಂಬರ್ 9ರಂದು ಗಿನ್ಶಿ ಊರಿನ ಹತ್ತಿರದ ಕಾಡಿನ ಬಳಿ ಸತ್ತ ಮೇಜರ್. ಸೇರ್ ಎಂಬಲ್ಲಿ ಜನರಲ್ ಬ್ರೇತ್‌ವೇಟ್ ಅವರ ಮಗನದ್ದು ಇನ್ನೊಂದು.

ನನಗೆ ಮನಸ್ಸಿಗೆ ತಾಗಿದ್ದು ಕೀತ್ ರೇ ಎಂಬ ಹುಡುಗನದ್ದು. ಮೇಷ್ಟ್ರಾಗಿದ್ದವನಂತೆ. 1915ರ ಜುಲೈ 30ರಂದು ಈಪರ್ ಹತ್ತಿರದ ಹೂಗ್ ಹಳ್ಳಿಯಲ್ಲಿ ಜರ್ಮನರು ಬೆಂಕಿ ಉಗುಳುವ ಯಂತ್ರ ಹಿಡಿದು ಬಂದ ದಿನ ಹೋದವನು. ಮನೆಯವರು ಅದೇ ಹಳ್ಳಿಯ ಬಂಗಲೆಯ ಜಾಗದಲ್ಲಿ ಶಿಲುಬೆ ನಿಲ್ಲಿಸಿದರು. ದಶಕಗಳಾದ ಮೇಲೆ ಅದನ್ನು ನೋಡಿಕೊಳ್ಳುವವರು ಇಲ್ಲದಂತಾಗಿ, ಕಿತ್ತು ಹತ್ತಿರದ ಸೈನಿಕರ ಸ್ಮಶಾನದ ಪಕ್ಕಕ್ಕೆ ಒಯ್ದರು. ಮಗ ಬಿದ್ದ ಜಾಗ ಒಂದು ಕಡೆ, ಕಲ್ಲು ಇನ್ನೊಂದು ಕಡೆ. ನೀನು ಇದನ್ನು ಒಂದು ಸಾಲಿನಲ್ಲಿ ಬರೆದು ಮುಂದೆ ಹೋದೆ. ನಾನು ಅಲ್ಲೇ ನಿಂತೆ.

ನಾನು ತೋಟದವನು, ನನ್ನ ಕಣ್ಣು ಮೊದಲು ಹೋಗುವುದು ಜಮೀನಿನ ಕಡೆಗೆ. ಆ ಫೋಟೋದಲ್ಲಿ ರಸ್ತೆ ಬದಿ ಕಂಬದ ಬುಡದಲ್ಲಿ ತುಕ್ಕು ಹಿಡಿದ ಶೆಲ್ಲುಗಳನ್ನು ಇಟ್ಟಿದ್ದರಲ್ಲ, ನೂರು ವರ್ಷ ಕಳೆದರೂ ಉಳುವಾಗ ಮೇಲೆ ಬರುತ್ತವೆ, ರೈತರು ತಂದಿಟ್ಟರೆ ಮಿಲಿಟರಿಯವರು ಬಂದು ಒಯ್ಯುತ್ತಾರೆ ಅಂತ ಬರೆದಿದ್ದೆ. ಆ ರೈತನ ಪಾಡು ಯೋಚನೆ ಮಾಡು. ಶೆಲ್ ತಪ್ಪಿಸಿ ಉಳಬೇಕು, ಯಾರದೋ ಮಗನ ಶಿಲುಬೆ ತಪ್ಪಿಸಿ ಟ್ರ್ಯಾಕ್ಟರ್ ತಿರುಗಿಸಬೇಕು. ನಮ್ಮ ಕೆಳಗಿನ ತೋಟದ ವೀರಗಲ್ಲು ನಿನಗೆ ಗೊತ್ತು. ಪಾಚಿ ಹಿಡಿದಿದೆ, ಕೆತ್ತಿದ ಕತ್ತಿ ಬಿಟ್ಟರೆ ಏನೂ ಕಾಣುವುದಿಲ್ಲ. ಯಾರ ಮನೆಯವನು, ಯಾವ ಜಗಳದಲ್ಲಿ ಸತ್ತ, ಒಬ್ಬರಿಗೂ ಗೊತ್ತಿಲ್ಲ. ಅದಕ್ಕೂ ಒಂದು ಕಾಲದಲ್ಲಿ ಯಾರೋ ಅತ್ತುಕೊಂಡೇ ಕಲ್ಲು ಹೊತ್ತು ತಂದಿರುತ್ತಾರೆ. ಈಗ ಕಳೆ ಹೊಡೆಯುವ ಹುಡುಗರು ಅದರ ಮೇಲೆ ಊಟದ ಡಬ್ಬಿ ಇಡುತ್ತಾರೆ. ನಾನು ಬೈಯುತ್ತೇನೆ, ನಾನು ಆ ಕಡೆ ತಿರುಗಿದರೆ ಮತ್ತೆ ಇಡುತ್ತಾರೆ.

ಈಗ ಚಿಕ್ಕಜ್ಜನ ವಿಷಯ.

ನೀನು ಹೇಳುವುದು ಸರಿ, ಆ ಇಂಗ್ಲಿಷಿನವರು ಮಗನಿಗೆ ಮಾಡಿದ್ದನ್ನು ನಾವು ಯಾಕೆ ಮಾಡಬಾರದು ಅಂತ. ಆದರೆ ಅವರಿಗೆ ಜಾಗ ಗೊತ್ತಿತ್ತು. ಇಂಥ ಕಾಡಿನ ಮೂಲೆ, ಇಂಥ ಕಂದಕ, ಇಂಥ ಬೆಳಗಿನ ಜಾವ. ಜೊತೆಗಿದ್ದವರು ಬರೆದು ತಿಳಿಸಿದ್ದರು. ನಮಗೆ ಏನು ಗೊತ್ತು? ಕೊನೆಯ ಕಾಗದ 1962ರ ದೀಪಾವಳಿ ಹೊತ್ತಿಗೆ ಬಂತು. ಚಳಿ ಜಾಸ್ತಿ, ಉಣ್ಣೆಯ ಕಾಲುಚೀಲ ಕಳಿಸಿ ಅಂತ ಇತ್ತು. ಎಲ್ಲಿದ್ದೀನಿ ಅಂತ ಬರೆಯುವ ಹಾಗಿರಲಿಲ್ಲ, ಎ.ಪಿ.ಓ., ಅಂದರೆ ಸೈನ್ಯದ ಅಂಚೆ ಕಚೇರಿಯ ನಂಬರ್ ಮಾತ್ರ. ನವೆಂಬರ್ 17ರ ರಾತ್ರಿ, 18ರ ಬೆಳಿಗ್ಗೆ ಈಗಿನ ಅರುಣಾಚಲದ ಸೇ ಲಾ ಎಂಬ ಬೆಟ್ಟದ ಕಣಿವೆದಾರಿ ಬಿಟ್ಟು ಹಿಂದೆ ಸರಿಯುವಾಗ ನಮ್ಮ ಪಡೆ ಚೆಲ್ಲಾಪಿಲ್ಲಿಯಾಯಿತು. ದಿರಾಂಗ್, ಬೊಮ್ಡಿ ಲಾ ದಾರಿಯಲ್ಲಿ ಕೆಲವರು, ಕಾಡು ಹೊಕ್ಕು ಭೂತಾನಿನ ಮೂಲಕ ನಡೆದವರು ಕೆಲವರು. ಗುಂಡು ತಗಲಿ ಹೋದವರಿದ್ದಾರೆ, ಚಳಿಗೆ ಹಸಿವಿಗೆ ಹೋದವರೂ ಇದ್ದಾರೆ. ಮೂರೇ ದಿನಕ್ಕೆ, 21ಕ್ಕೆ, ಚೀನಾದವರು ತಾವಾಗಿ ಕದನ ವಿರಾಮ ಅಂದರು. ಆ ಇಡೀ ಯುದ್ಧದಲ್ಲಿ ಸತ್ತವರು 1,383, ಕಾಣೆಯಾದವರು 1,696 ಅಂತ ಸರ್ಕಾರದ ಲೆಕ್ಕ. ಸತ್ತವರಿಗಿಂತ ಕಾಣೆಯಾದವರೇ ಜಾಸ್ತಿ! ಚಿಕ್ಕಜ್ಜ ಆ ಎರಡನೆಯ ಲೆಕ್ಕದವನು. ಅಷ್ಟು ಉದ್ದದ ಬೆಟ್ಟದ ದಾರಿಯಲ್ಲಿ ನಿನ್ನ ಕಲ್ಲನ್ನು ಎಲ್ಲಿ ನೆಡ್ತೀಯ?

ಮೊದಲು ಬಂದದ್ದು ಟೆಲಿಗ್ರಾಂ. ಮಾರನೇ ವರ್ಷ ಸೆರೆ ಸಿಕ್ಕವರು ವಾಪಸ್ ಬಂದರು, ಆ ಪಟ್ಟಿಯಲ್ಲೂ ಅವನಿಲ್ಲ. ಆಮೇಲೆ ಸೈನ್ಯದಿಂದ ಒಂದು ಕಾಗದ ಬಂತು, 18 ನವೆಂಬರ್ 1962ರಂದು ಸತ್ತಿದ್ದಾನೆಂದು ಭಾವಿಸಲಾಗಿದೆ ಅಂತ. ಆ ಕಾಗದ ಬಂದ ದಿನದ್ದನ್ನು ನಿನಗೆ ಸರಿಯಾಗಿ ಯಾವತ್ತೂ ಹೇಳಿಲ್ಲ. ಆಗ ನನಗೆ ಐದು ವರ್ಷ. ಕಣ್ಣಾರೆ ನೋಡಿದ್ದೋ, ದೊಡ್ಡವರ ಬಾಯಲ್ಲಿ ಕೇಳಿ ಕೇಳಿ ನೋಡಿದ ಹಾಗೆ ಆಗಿದೆಯೋ, ನನಗೇ ಖಾತ್ರಿಯಿಲ್ಲ.

ನಮ್ಮ ಕೊಡವರಲ್ಲಿ ಸಾವಾದರೆ ಎರಡು ಗುಂಡು ಹಾರಿಸಬೇಕಲ್ಲ. ಅದು ಕೇಳಿದ ಮೇಲೇ ಊರವರು ಬರುವುದು. ನಿನ್ನ ಅಜ್ಜ ಒಳಗೆ ಹೋಗಿ ಜೋಡು ನಳಿಗೆ ಕೋವಿ ತಂದರು. ಅಂಗಳಕ್ಕೆ ಇಳಿದು ಎರಡು ತೋಟೆ ತುಂಬಿಸಿದರು. ನನ್ನ ಅಜ್ಜಿ, ಚಿಕ್ಕಜ್ಜನ ತಾಯಿ, ಅಡುಗೆಮನೆಯಿಂದ ಬಂದರು. ಅಳಲಿಲ್ಲ, ಕೂಗಲಿಲ್ಲ. ಮೆಟ್ಟಿಲ ಮೇಲೆ ನಿಂತು ಕೈ ಚಾಚಿ "ಕೊಡು" ಅಂದರು. ಅಜ್ಜ ಕೋವಿ ಕೊಡಲು ಹೋದರು. "ಕೋವಿ ಅಲ್ಲ, ಅದರೊಳಗಿರೋದು." ನಳಿಗೆ ಬಗ್ಗಿಸಿ ಎರಡೂ ತೋಟೆ ತೆಗೆದು ಆ ಅಂಗೈ ಮೇಲಿಟ್ಟರು. ಅಜ್ಜಿ ಒಳಗೆ ಹೋದರು. ಅವತ್ತು ನಮ್ಮ ಮನೆಯಲ್ಲಿ ಗುಂಡು ಹಾರಲಿಲ್ಲ. ಊರಿಗೆ ಸುದ್ದಿ ಗೊತ್ತಿತ್ತು, ಆದರೂ ಗುಂಡು ಕೇಳದೆ ಬರುವುದು ಹೇಗೆ ಅಂತ ಯಾರೂ ಬರಲಿಲ್ಲ.

ಆ ತೋಟೆಗಳನ್ನು ಅವರು ಹಾರ್ಲಿಕ್ಸ್ ಬಾಟಲಿಯೊಳಗೆ ಹಾಕಿಟ್ಟರು. ಕೆಂಪು ಕಾಗದದ ಕೊಳವೆ, ಬುಡಕ್ಕೆ ಹಿತ್ತಾಳೆ. ಈಗಿನ ಪ್ಲಾಸ್ಟಿಕ್ಕಿನದ್ದಲ್ಲ. ಪ್ರತಿ ಕೈಲ್ ಮುಹೂರ್ತಕ್ಕೆ ಗಂಡಸರು ಕೋವಿ ಒರೆಸಿ ಪೂಜೆಗೆ ಇಟ್ಟು ನಳಿಗೆಗೆ ತೋಕ್ ಪೂ ಎಂಬ ಹೂವು ಸಿಕ್ಕಿಸುವಾಗ, ಅಜ್ಜಿ ಆಚೆ ಕೂತು ಆ ಎರಡನ್ನು ಹೊರಗೆ ತೆಗೆದು ಸೆರಗಿನಿಂದ ಒರೆಸಿ, ಹಿತ್ತಾಳೆಗೆ ಹಿಡಿದ ಹಸಿರು ಉಜ್ಜಿ, ಮತ್ತೆ ಬಾಟಲಿಗೆ ಹಾಕುತ್ತಿದ್ದರು. ಯಾರೂ ಏನೂ ಕೇಳುತ್ತಿರಲಿಲ್ಲ. ಪಿಂಚಣಿ ಕಾಗದ ಬಂದಾಗ ಹೆಬ್ಬೆಟ್ಟು ಒತ್ತಲಿಲ್ಲ. ಅವರು ಇರುವವರೆಗೆ ಕುಲದ ಹಿರಿಯರ ಗುಡಿಯಾದ ಕೈಮಡದಲ್ಲಿ ಕಾರಣಂಗ್ ಕೊಡುವಾಗ, ಅಂದರೆ ತೀರಿಹೋದ ಹಿರಿಯರಿಗೆ ಅರ್ಪಿಸುವಾಗ, ಚಿಕ್ಕಜ್ಜನ ಪಾಲಿನ ಮೀದಿ, ಎಡೆ, ಇಡುವ ಹಾಗಿರಲಿಲ್ಲ. ಮನೆಗೆ ಬರಬೇಕಾದವನಿಗೆ ಎಲೆಯಲ್ಲಿ ಯಾಕೆ ಇಡ್ತೀರಿ ಅಂತ ಒಂದೇ ಮಾತು.

ಆಮೇಲೆ 1965ರ ಪಾಕಿಸ್ತಾನ ಯುದ್ಧ ಬಂತು. ಸೆಪ್ಟೆಂಬರ್ 7ಕ್ಕೆ ಅಲ್ಲಿನ ಸರ್ಗೋಧಾ ವಾಯುನೆಲೆ ಮೇಲೆ ದಾಳಿಗೆ ಹೋದ ನಮ್ಮ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ವಾಪಸ್ ಬರಲಿಲ್ಲ. ಅವರೂ ಕಾಣೆಯಾದವರ ಪಟ್ಟಿಗೆ. ಪಾಕಿಸ್ತಾನದ ಸ್ಟಾರ್‌ಫೈಟರ್ ವಿಮಾನವನ್ನು ತನ್ನ ಹಳೇ ಮಿಸ್ಟೇರ್‌ನಲ್ಲಿ ಹೊಡೆದು ಬೀಳಿಸಿದ್ದು ಅವರೇ ಅಂತ ನಮ್ಮವರಿಗೆ ತಿಳಿದದ್ದು ವರ್ಷಗಟ್ಟಲೆ ಆದಮೇಲೆ, ಅದೂ ಒಬ್ಬ ಇಂಗ್ಲಿಷಿನವನು ಬರೆದ ಪುಸ್ತಕದಿಂದ. ಮಹಾವೀರ ಚಕ್ರ ಕೊಟ್ಟದ್ದು 1988ರಲ್ಲಿ, 23 ವರ್ಷಕ್ಕೆ. ಮಡಿಕೇರಿಯಲ್ಲಿ ಅವರ ಹೆಸರಿನ ವೃತ್ತದ ಹತ್ತಿರ ಬಸ್ಸಿಗೆ ಕಾಯುವಾಗೆಲ್ಲ ಲೆಕ್ಕ ಹಾಕುತ್ತೇನೆ, ಅಷ್ಟು ವರ್ಷ ಆ ಮನೆಯಲ್ಲಿ ಫೋನ್ ರಿಂಗಾದಾಗೆಲ್ಲ ಏನಾಗಿರಬೇಕು ಅಂತ. ನನ್ನ ಅಜ್ಜಿಗಂತೂ ಆ ಸುದ್ದಿ ಬೇರೆಯೇ ಥರ ಕೇಳಿಸಿತ್ತು. ವಿಮಾನದವನೇ ಎಲ್ಲಿ ಅಂತ ಗೊತ್ತಾಗಿಲ್ಲ ಅಂದರೆ ನಡೆದು ಹೋದವನದ್ದು ಹೇಗೆ ಗೊತ್ತಾಗುತ್ತೆ, ಕಾಯೋಣ ಅಂದರಂತೆ.

ಅಜ್ಜಿ ತೀರಿಕೊಂಡದ್ದು ಆಟಿಯ ಮಳೆಯಲ್ಲಿ. ಗುಂಡು ಹಾರಿಸಬೇಕು ಅಂದಾಗ ನಿನ್ನ ಅಜ್ಜ ಬಾಟಲಿ ತೆಗೆದು ಆ ಎರಡು ತೋಟೆಗಳನ್ನೇ ಹಾಕಲು ನೋಡಿದರು. ಒಳಗೆ ಹೋಗಲಿಲ್ಲ. ಅಷ್ಟು ವರ್ಷದ ಥಂಡಿಗೆ ಕಾಗದ ಉಬ್ಬಿಕೊಂಡಿತ್ತು. ಹೆಬ್ಬೆರಳಲ್ಲಿ ಒತ್ತಿದರು, ಇನ್ನೊಂದನ್ನು ತಿರುಗಿಸಿ ನೋಡಿದರು. ಕೊನೆಗೆ ಪಕ್ಕದ ಮನೆಯಿಂದ ಹೊಸದು ತರಿಸಿದರು. ಆ ಬಾಟಲಿ ಈಗ ನನ್ನ ಬೀರುವಿನಲ್ಲಿದೆ, ಮೇಲಿನ ಖಾನೆ. ಉಬ್ಬಿದ್ದನ್ನು ಮನೆಯಲ್ಲಿ ಇಟ್ಟುಕೊಳ್ಳಬೇಡ, ಅಪಾಯ ಅಂತ ನಿನ್ನಮ್ಮ ಹೇಳುತ್ತಲೇ ಇರುತ್ತಾಳೆ. ಅವಳು ಹೇಳುವುದು ಸರಿ. ಹೊರಗೆ ಹಾಕಲು ಮಾತ್ರ ಕೈ ಬರುವುದಿಲ್ಲ.

ನೋಡು, ಕಲ್ಲಿನ ವಿಷಯ ಅಂತ ಶುರು ಮಾಡಿದವನು ತೋಟೆಯ ವಿಷಯವನ್ನೇ ಇಷ್ಟುದ್ದ ಬರೆದಿದ್ದೇನೆ. ಬರೆದಾಯ್ತು, ಹೊಡೆದು ಹಾಕುವುದಿಲ್ಲ.

ನನಗೂ ಆ ಕಡೆ ಹೋಗಿ ಗೊತ್ತು. ನೀನು ಹಾಸ್ಟೆಲಿನಲ್ಲಿದ್ದಾಗ ಮಿಲಿಟರಿಯಿಂದ ರಿಟೈರಾದ ನೆಂಟರ ಜೊತೆ ಹೋಗಿದ್ದೆ. ಜಸ್ವಂತ್‌ಗಡದಲ್ಲಿ ಅದೇ ಯುದ್ಧದಲ್ಲಿ ಸತ್ತ ಜಸ್ವಂತ್ ಸಿಂಗ್ ಎಂಬ ಗಢವಾಲಿ ಹುಡುಗನಿಗೆ ಇವತ್ತಿಗೂ ಹಾಸಿಗೆ ಹಾಸಿ, ಬೂಟು ಪಾಲಿಶ್ ಮಾಡಿಡುತ್ತಾರೆ. ತವಾಂಗಿನ ಸ್ಮಾರಕದಲ್ಲಿ 2,420 ಹೆಸರು, ನಮ್ಮವನದ್ದೂ ಸಿಕ್ಕಿತು, ಮುಟ್ಟಿದೆ. ಆದರೆ ಸೇ ಲಾದಲ್ಲಿ, 13,700 ಅಡಿ ಮೇಲೆ, ಜೀಪಿನಿಂದ ಇಳಿದು ನಿಂತಾಗ ನನಗೆ ಏನೂ ಅನಿಸಲಿಲ್ಲ. ತಲೆ ಸಿಡಿಯುತ್ತಿತ್ತು. ಗಾಳಿ, ಕೆರೆ, ಒಂದು ಟೀ ಅಂಗಡಿ. ಅಳು ಬರುತ್ತೆ ಅಂತ ಕರ್ಚೀಫು ಕೈಯಲ್ಲಿ ಹಿಡಿದು ನಿಂತಿದ್ದೆ. ಬರಲಿಲ್ಲ. ಟೀ ಕುಡಿದು ಇಳಿದೆವು. ನಿನಗೂ ಹಾಗೇ ಆದರೆ ಏನು ಮಾಡ್ತೀಯ ಅನ್ನುವುದು ನನ್ನ ಒಂದು ಹೆದರಿಕೆ.

ಇನ್ನೊಂದು ಹೆದರಿಕೆ ಇದಕ್ಕೆ ಉಲ್ಟಾ. 2010ರಲ್ಲಿ ಅರುಣಾಚಲದ ವಾಲಾಂಗ್ ಹತ್ತಿರ ರಸ್ತೆ ಕೆಲಸದವರಿಗೆ ಒಬ್ಬ ಡೋಗ್ರಾ ಸಿಪಾಯಿಯ ಅಸ್ಥಿ ಸಿಕ್ಕಿತು, ಗುರುತಿನ ಬಿಲ್ಲೆ ಸಮೇತ. ಅವನೂ 1962ರಲ್ಲಿ ಹೋದವನು. ಹಿಮಾಚಲದ ಅವನ ಊರಿಗೆ ತಂದು ಸಂಸ್ಕಾರ ಮಾಡಿದರು. 1968ರಲ್ಲಿ ರೋಹ್ತಾಂಗ್ ಕಡೆ ಬಿದ್ದ ವಾಯುಪಡೆಯ ವಿಮಾನದವರನ್ನು ಹಿಮದಡಿಯಿಂದ ಇನ್ನೂ ತೆಗೆಯುತ್ತಿದ್ದಾರೆ, 2024ರಲ್ಲಿ ಪಕ್ಕದ ಕೇರಳದ ಒಬ್ಬರು ಮನೆಗೆ ಬಂದರು. ಇಂಥ ಸುದ್ದಿ ಪೇಪರಿನಲ್ಲಿ ಬಂದ ದಿನ ನಾನು ಫೋನನ್ನು ಜೇಬಿನಲ್ಲೇ ಇಟ್ಟುಕೊಂಡು ತೋಟಕ್ಕೆ ಹೋಗುತ್ತೇನೆ. ನನ್ನ ಅಜ್ಜಿಯದು ಹುಚ್ಚು ಅಂತ ಹೇಳುವ ಧೈರ್ಯ ನನಗಿಲ್ಲ.

ಈಗ ಸ್ವಲ್ಪ ಬುದ್ಧಿ ಹೇಳ್ತೀನಿ, ಮುಖ ಸಿಂಡರಿಸಬೇಡ. ಅರುಣಾಚಲಕ್ಕೆ ಇನ್ನರ್ ಲೈನ್ ಪರ್ಮಿಟ್ ಬೇಕು, ಗೊತ್ತಿರಬಹುದು. ಗಡಿ ಹತ್ತಿರದ ಜಾಗಗಳಿಗೆ ಅದೊಂದೇ ಸಾಲದು, ಸೈನ್ಯದವರು ಬಿಡಬೇಕು. ಅಲ್ಲಿನ ಜಮೀನು ಅಲ್ಲಿನ ಜನರದ್ದು. ಊರ ಹಿರಿಯರನ್ನು ಕೇಳದೆ ರಾತ್ರೋರಾತ್ರಿ ಕಲ್ಲು ನೆಟ್ಟು ಫೋಟೋ ಹೊಡೆದು ಬರುವುದು ಕಳ್ಳತನಕ್ಕೆ ಸಮ. ನಮ್ಮ ಗದ್ದೆಯಲ್ಲಿ ಯಾರಾದರೂ ಹಾಗೆ ಮಾಡಿದರೆ ನಾನು ಸುಮ್ನೆ ಇರ್ತೀನಾ? ವರ್ಷಕ್ಕೊಮ್ಮೆ ಆದರೂ ಹೋಗಿ ಹುಲ್ಲು ಕೀಳುವವರು ಯಾರು? ನೀನು ಬೆಲ್ಜಿಯಂನ ಗೆಂಟ್‌ನಲ್ಲಿ, ನಾನು ಇಲ್ಲಿ. ನಿನ್ನ ಮಕ್ಕಳಿಗೆ ಆ ದಾರಿಯೂ ಗೊತ್ತಿರುವುದಿಲ್ಲ. ಮತ್ತೆ, ವಿಮಾನದಲ್ಲಿ 15 ಕಿಲೋ ಮಾತ್ರ ಬಿಡ್ತಾರೆ, ಗ್ರಾನೈಟ್ ತೂಕ ಎಷ್ಟು ಅಂತ ಕೇಳಿದ್ದೀಯಾ?

ಬೇಡವೇ ಬೇಡ ಅಂತ ಹೇಳುತ್ತಿಲ್ಲ. ನಮ್ಮಲ್ಲಿ ಮೂರು ತಲೆಮಾರಿನಲ್ಲಿ ಚಿಕ್ಕಜ್ಜನ ಬಗ್ಗೆ ಕೂತು ಕೇಳಿದವಳು ನೀನೊಬ್ಬಳೇ. ಹಳೇ ಟ್ರಂಕಿನಿಂದ ಅವನ ಕಾಗದಗಳನ್ನು ತೆಗೆದು ಒಂದೊಂದನ್ನೂ ಪ್ಲಾಸ್ಟಿಕ್ ಕವರಿಗೆ ಹಾಕಿಟ್ಟವಳು ನೀನು. ನಾನು ಅಷ್ಟು ವರ್ಷ ಅದರ ಪಕ್ಕದಲ್ಲೇ ಮಲಗಿದ್ದೆ, ತೆಗೆದು ನೋಡಿರಲಿಲ್ಲ. ನನಗೆ ಹೆಮ್ಮೆ ಇಲ್ಲ ಅಂದುಕೊಳ್ಳಬೇಡ.

ನನ್ನ ಲೆಕ್ಕ ಹೀಗಿದೆ. ಕಲ್ಲು ಆಗಲಿ. ಇಲ್ಲಿಗೇ ಬರಲಿ. ಕೈಮಡದ ಒಳಗಲ್ಲ, ಹೊರಗೆ, ಸಂಪಿಗೆ ಮರದ ಆಚೆ, ದಿನಾ ಓಡಾಡುವ ದಾರಿಯಲ್ಲಿ. ಹುಲ್ಲು ನಾನು ಕೀಳುತ್ತೇನೆ, ನಾನು ಹೋದ ಮೇಲೆ ನಿನ್ನ ಅಣ್ಣ ಕೀಳುತ್ತಾನೆ, ಅವನಿಗೆ ಹೇಳಿದ್ದೇನೆ. ಹೆಸರು ಇರಲಿ, ಊರು ಇರಲಿ, ಹುಟ್ಟಿದ ವರ್ಷ ಇರಲಿ. ಕೊನೆಯ ತಾರೀಕಿನ ಜಾಗ ಖಾಲಿ ಬಿಡಲು ಹೇಳುತ್ತೇನೆ. 18 ನವೆಂಬರ್ ಅನ್ನುವುದು ಆಫೀಸಿನವರು ಹಾಕಿದ್ದು, ಎಷ್ಟೋ ಮನೆಗಳಿಗೆ ಅದೇ ತಾರೀಕು ಹೋಗಿದೆ. ಗುಂಡಿನ ವಿಷಯ ಈಗ ಮಾತಾಡಬೇಡ. ಕುಲದ ಮೂಲಮನೆಯಾದ ಐನ್‌ಮನೆಯಲ್ಲಿ ಒಬ್ಬಿಬ್ಬರು ಈಗಲಾದರೂ ಹಾರಿಸಿಬಿಡೋಣ, ಮೀದಿ ಇಟ್ಟುಬಿಡೋಣ ಅಂತಿದ್ದಾರೆ. ಮೀದಿಗೆ ಒಪ್ಪಿದ್ದೇನೆ. ಗುಂಡಿಗೆ ಆಗಲ್ಲ ಅಂದೆ. ಯಾಕೆ ಅಂತ ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ.

ಸೇ ಲಾಕ್ಕೂ ಹೋಗೋಣ, ಬರಿಗೈಯಲ್ಲಿ. ಒಬ್ಬಳೇ ಬೇಡ, ನಾನೂ ಬರುತ್ತೇನೆ. ಈಗ ಅಲ್ಲಿ ಸುರಂಗ ಆಗಿದೆ, ಅದರೊಳಗೆ ಹೋದರೆ ಮೇಲಿನದ್ದು ಕಾಣುವುದಿಲ್ಲ, ಹಳೇ ರಸ್ತೆಯಲ್ಲೇ ಹತ್ತಬೇಕು ಅಂತ ಡ್ರೈವರಿಗೆ ಮೊದಲೇ ಹೇಳಬೇಕು. ಆದರೆ ನವೆಂಬರ್ ಆಗುವುದಿಲ್ಲ ಮಗಳೇ. ಅರೇಬಿಕಾ ಕೊಯ್ಲು ಶುರುವಾಗಿರುತ್ತೆ, ಆಳು ಸಿಗುವುದೇ ಕಷ್ಟ, ಈ ಸಲ ಮಳೆಗೆ ಕಾಯಿ ಉದುರಿ ಇರುವುದೇ ಅರ್ಧ. ರೋಬಸ್ಟಾ, ಮೆಣಸು ಎಲ್ಲ ಮುಗಿದು ಏಪ್ರಿಲ್ ಆದರೆ ನನಗೂ ಬಿಡುವು. ಗುವಾಹಟಿ ಟಿಕೆಟ್ ಆಗಲೇ ಮಾಡಿಸಿದ್ದೀಯ ಅಂತ ನಿನ್ನ ಅಣ್ಣ ಹೇಳಿದ. ಬದಲಾಯಿಸಲು ಎಷ್ಟು ಹಿಡಿಯುತ್ತಾರೆ ಅಂತ ಕೇಳಿ ತಿಳಿಸು, ಆ ದುಡ್ಡು ನಾನು ಹಾಕುತ್ತೇನೆ. ಪುತ್ತರಿ ಹಬ್ಬಕ್ಕೆ ಊರಿಗೆ ಬರುವುದನ್ನು ಮಾತ್ರ ತಪ್ಪಿಸಬೇಡ.

ನಿನ್ನ
ಅಪ್ಪ

ಸೈನ್ಯದ ಆ ಕಾಗದದ ಫೋಟೋ ತೆಗೆದು ಕಳಿಸು ಅಂದಿದ್ದೆಯಲ್ಲ, ಅಣ್ಣನ ಫೋನಿನಿಂದ ಕಳಿಸಿದ್ದೇನೆ. ಎರಡನೇ ಪುಟದಲ್ಲಿ ಮಡಿಕೆ ಬಿದ್ದ ಕಡೆ ನಂಬರ್ ಸರಿಯಾಗಿ ಕಾಣುವುದಿಲ್ಲ, ಅದು 3 ಅಲ್ಲ, 8.